ಗುಂಡಿ ಒತ್ತದವರು

ಭಾನುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅವಳು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದಳು. ಬಾಯಿ ತುಂಬ ನೊರೆ ಇತ್ತು. ಬಾಗಿಲಾಚೆ ನಿಂತಿದ್ದ ದೊಡ್ಡಮ್ಮ, ಹಾಲು ಬಂತು ಎನ್ನುವಷ್ಟೇ ಸಲೀಸಾಗಿ ಹೇಳಿದರು:

"ನಾನು ಇಸ್ತ್ರಿ ಅಕ್ಕನ ಮನೆಗೆ ಹೋಗಿ ಇದ್ದುಬಿಡ್ತೀನಿ ಕಣೇ. ಅವಳ ಹತ್ರ ಜಾಗ ಇದೆಯಂತೆ. ಈ ವಾರದಲ್ಲೇ."

ನೊರೆ ಉಗುಳಿ, ಬಾಯಿ ತೊಳೆದು ಹೊರಗೆ ಬರುವಷ್ಟರಲ್ಲಿ ದೊಡ್ಡಮ್ಮ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟಿದ್ದರು.

"ಎಷ್ಟು ದಿನಕ್ಕೆ?" ಎಂದಳು ಅವಳು.

"ಲೆಕ್ಕ ಹಾಕ್ಕೊಂಡು ಹೋಗೋಕೆ ನಾನೇನು ರಜೆ ಮೇಲೆ ಹೋಗ್ತಿದೀನಾ? ಇರೋಕೆ ಹೋಗ್ತೀನಿ."

"ಇಲ್ಲಿ ನಿನಗೇನು ಕಡಿಮೆಯಾಗಿದೆ?"

"ಏನೂ ಇಲ್ಲ. ಕಡಿಮೆಯಾಗಿದ್ರೆ ಕೇಳ್ತಿರಲಿಲ್ವಾ?"

ದೊಡ್ಡಮ್ಮ ತಮಗಾಗಿ ಏನನ್ನಾದರೂ ಕೇಳಿದ್ದು ಅವಳ ನೆನಪಿನಲ್ಲೇ ಇರಲಿಲ್ಲ. ಆದರೆ ಆ ಬೆಳಿಗ್ಗೆ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ.

"ಹನ್ನೊಂದಕ್ಕೆ ಆಫೀಸಿನವರು ಬರ್ತಾರೆ. ಅವರು ಹೋದ ಮೇಲೆ ಮಾತಾಡೋಣ. ಅಲ್ಲೀವರೆಗೂ ಆ ಮಾತು ಎತ್ತಬೇಡ, ದಮ್ಮಯ್ಯ."

"ಮಾತಾಡೋಕೇನಿದೆ? ಇರೋದು ಒಂದು ಬ್ಯಾಗು" ಎಂದು ದೊಡ್ಡಮ್ಮ ಉರಿ ಸಣ್ಣ ಮಾಡಿದರು.

ಅವಳನ್ನು ಸಾಕಿದ್ದು ಈ ದೊಡ್ಡಮ್ಮ. ತಾಯಿ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ತಂದೆ ಬೇರೆ ಸಂಸಾರ ಮಾಡಿಕೊಂಡು ದೂರವಾದ. ತಾಯಿಯ ಅಕ್ಕ ಮದುವೆಯಾಗಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹುಡುಗಿ ನೇರ ಅಲ್ಲಿಗೇ ಹೋಗುತ್ತಿದ್ದಳು. ಒಗೆದು, ಒಣಗಿಸಿ, ಇನ್ನೂ ಬಿಸಿಯಾಗಿರುತ್ತಿದ್ದ ಹಾಸಿಗೆ ಬಟ್ಟೆಯ ರಾಶಿಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ಕೆಳಗೆ ಬಾಯ್ಲರಿನ ಸದ್ದು, ಸುತ್ತ ಆವಿ. ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಬೈದುಕೊಳ್ಳುತ್ತಿದ್ದರು. ಎಷ್ಟೋ ವರ್ಷ ಆ ಸೆಖೆಯಲ್ಲಿ ಬೆಂದ ದೊಡ್ಡಮ್ಮನ ಮೈಗೆ ನಿವೃತ್ತಿಯ ನಂತರ ಎಲ್ಲ ಜಾಗವೂ ಚಳಿಯೆನ್ನಿಸತೊಡಗಿತು.

ಆ ಲಾಂಡ್ರಿಯಲ್ಲಿ ಒಂದೇ ಕಿಟಕಿ. ಅದರ ಪಕ್ಕದ ಇಸ್ತ್ರಿ ಮೇಜಿಗಾಗಿ ಇಸ್ತ್ರಿ ಅಕ್ಕನೂ ಉಳಿದ ಹೆಂಗಸರೂ ದಿನಾ ಜಗಳವಾಡುತ್ತಿದ್ದರು. ಒಂಬತ್ತು ವರ್ಷದ ಹುಡುಗಿ ಒಂದು ರಟ್ಟಿನ ಮೇಲೆ ಸರದಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಜಗಳ ನಿಂತಿತು. ದೊಡ್ಡಮ್ಮನ ಸರದಿ ಬಂದಾಗಲೆಲ್ಲ ಅವರು ಅದನ್ನು ಬೇರೆ ಯಾರಿಗಾದರೂ ಬಿಟ್ಟುಕೊಡುತ್ತಿದ್ದರು. ಅದನ್ನು ಹುಡುಗಿ ಗಮನಿಸಿದ್ದಳು. ಗಮನಿಸಿ, ದೊಡ್ಡಮ್ಮನಿಗೆ ಕಿಟಕಿ ಇಷ್ಟವಿಲ್ಲ ಎಂದು ತೀರ್ಮಾನಿಸಿದ್ದಳು.

ಮುಂದೆ ಅವಳು ಗಣಿತ, ಕಂಪ್ಯೂಟರ್ ಓದಿ ಸೇರಿದ ಕಂಪನಿ ಕಟ್ಟಡಗಳಿಗೆ ತಂತ್ರಾಂಶ ಮಾಡುತ್ತಿತ್ತು. ಚಾವಣಿಯ ಮೂಲೆಗಳಲ್ಲಿ ಉಗುರಿನಷ್ಟು ಚಿಕ್ಕ ಸೆನ್ಸರ್‌ಗಳಿರುತ್ತವೆ. ಯಾರು ಯಾವ ಕೋಣೆಯಲ್ಲಿದ್ದಾರೆ, ಕೂತಿದ್ದಾರೋ ಮಲಗಿದ್ದಾರೋ, ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಎಂಬುದನ್ನೆಲ್ಲ ನೋಡಿಕೊಂಡು ದೀಪ, ಎ.ಸಿ., ಪರದೆಗಳನ್ನು ತಂತ್ರಾಂಶವೇ ಹೊಂದಿಸುತ್ತದೆ. ನಡಿಗೆಯಿಂದ ಮನುಷ್ಯರನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಇಷ್ಟು ಬೇರೆಯವರೂ ಮಾಡುತ್ತಿದ್ದರು. ಈ ಕಂಪನಿಯ ತಂತ್ರಾಂಶ ಜನ ಬದಲಾದಂತೆ ತನ್ನ ನಿಯಮಗಳನ್ನು ತಾನೇ ತಿದ್ದಿಕೊಳ್ಳುತ್ತಿತ್ತು.

ಅದರಲ್ಲಿ ಅವಳ ಪಾಲಿಗೆ ಬಂದದ್ದು ಜಗಳದ ಭಾಗ. ಒಂದೇ ಕೋಣೆಯಲ್ಲಿ ಇಬ್ಬರಿದ್ದು ಒಬ್ಬರಿಗೆ ತಂಪು, ಇನ್ನೊಬ್ಬರಿಗೆ ಬೆಚ್ಚಗೆ ಬೇಕೆಂದರೆ ಮನೆ ಯಾರ ಮಾತು ಕೇಳಬೇಕು? ಇದನ್ನು ತೀರ್ಮಾನಿಸುವ ಲೆಕ್ಕ ಬರೆದವಳು ಅವಳೇ ಆದ್ದರಿಂದ ಆಫೀಸಿನಲ್ಲಿ ಅವಳಿಗೆ ಪಂಚಾಯ್ತಿ ಮೇಡಂ ಎಂದು ಹೆಸರು ಬಿದ್ದಿತ್ತು. ಕ್ಯಾಂಟೀನಿನಲ್ಲಿ ಯಾರಾದರೂ ಕುರ್ಚಿಗೆ ಕಿತ್ತಾಡಿದರೂ "ಮೇಡಂ, ಒಂದು ಪಂಚಾಯ್ತಿ ಇದೆ ಬನ್ನಿ" ಎಂದು ಕರೆಯುತ್ತಿದ್ದರು.

ಅವಳ ಲೆಕ್ಕ ಸರಳವಾಗಿತ್ತು. ಪ್ರತಿಯೊಬ್ಬರಿಗೂ ಒಂದು ತೂಕ. ಮನೆ ಒಂದು ತೀರ್ಮಾನ ಮಾಡಿದಾಗ ಯಾರು ಗುಂಡಿ ಒತ್ತಿ ಅದನ್ನು ಬದಲಿಸುತ್ತಾರೋ ಅವರ ತೂಕ ಸ್ವಲ್ಪ ಏರುತ್ತದೆ. ಒತ್ತದೆ ಸುಮ್ಮನಿದ್ದವರು ತೃಪ್ತರು ಎಂದರ್ಥ. ಅವರ ತೂಕ ಸ್ವಲ್ಪ ಇಳಿಯುತ್ತದೆ. ತೀರ ಇಳಿದುಹೋದವರನ್ನು ಮನೆ ಕೊರಿಯರ್ ತರುವವನ ಹಾಗೆ, ನಲ್ಲಿ ರಿಪೇರಿಯವನ ಹಾಗೆ, ಬಂದು ಹೋಗುವವರೆಂದು ತಿಳಿಯುತ್ತದೆ. ಹಾದುಹೋಗುವ ಪ್ರತಿಯೊಬ್ಬರಿಗೂ ದೀಪ ಹತ್ತಿಸುತ್ತ ಕೂತರೆ ಕರೆಂಟು ದಂಡವಲ್ಲವೆ?

"ಚಳಿಯಾದವರು ದೂರಿನ ಫಾರಂ ತುಂಬದೇ ಇರಬಹುದು. ಆದರೆ ಚಳಿಯಾಗಿಯೂ ಗುಂಡಿ ಒತ್ತದೆ ಯಾರು ಕೂತಿರ್ತಾರೆ?" ಎಂದು ಅವಳು ಮೀಟಿಂಗಿನಲ್ಲಿ ಕೇಳಿದ್ದಳು. ಮಾತೆತ್ತಿದರೆ ಸ್ಲೈಡ್ ತೋರಿಸುವ ಅವಳ ಮೇಲಧಿಕಾರಿಗೆ ಎಲ್ಲರೂ ಸ್ಲೈಡ್ ಸಾರ್ ಎನ್ನುತ್ತಿದ್ದರು. ಅವರು ಆ ವಾಕ್ಯವನ್ನೇ ದೊಡ್ಡ ಅಕ್ಷರದಲ್ಲಿ ಒಂದು ಸ್ಲೈಡ್ ಮಾಡಿಸಿದರು.

ಪರೀಕ್ಷೆಗೆ ಒಂದು ನಿಜವಾದ ಮನೆ ಬೇಕಿತ್ತು. ಅವಳು ತನ್ನದನ್ನೇ ಕೊಟ್ಟಳು. ಸದಾ ಹೆಗಲ ಮೇಲೆ ಏಣಿ ಹೊತ್ತು ತಿರುಗುವ ಕಂಪನಿಯ ಕೆಲಸಗಾರ, ಎಲ್ಲರ ಬಾಯಲ್ಲಿ ಏಣಿ ಅಣ್ಣ, ಒಂದು ದಿನ ಬಂದು ಸೆನ್ಸರ್‌ಗಳನ್ನು ಕೂರಿಸಿದ. ಗೋಡೆಯ ಸ್ವಿಚ್ಚುಗಳನ್ನು ಕಿತ್ತು ಬಿಳಿ ಮುಚ್ಚಳ ಹಾಕಿದ. ಇನ್ನು ಗುಂಡಿಗಳಿದ್ದದ್ದು ಫೋನುಗಳಲ್ಲಿ, ಮತ್ತು ಹಾಲ್‌ನ ಗೋಡೆಯ ಮೇಲಿನ ಒಂದು ಪ್ಯಾನೆಲ್‌ನಲ್ಲಿ. ದೊಡ್ಡಮ್ಮನದು ಅಂಕಿ ಒತ್ತುವ ಹಳೆಯ ಫೋನು.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಅವಳ ಗಂಡನಿಗೂ ಹೈಸ್ಕೂಲಿನ ಮಗಳಿಗೂ ಎ.ಸಿ. ವಿಷಯಕ್ಕೆ ಮೊದಲು ದಿನಾ ಕದನ ನಡೆಯುತ್ತಿತ್ತು. ಒಂದೆರಡು ತಿಂಗಳಲ್ಲಿ ಅದು ನಿಂತಿತು. ಮನೆ ಇಪ್ಪತ್ತೆರಡು ಡಿಗ್ರಿಯಲ್ಲಿ ತಣ್ಣಗಿತ್ತು. ದೊಡ್ಡಮ್ಮ ಮೊದಮೊದಲು ಪ್ಯಾನೆಲ್ ಹತ್ತಿರ ಹೋಗಿ ಏನೋ ಒತ್ತುತ್ತಿದ್ದರು. ಆಮೇಲೆ ಒಂದು ಶಾಲು ಹೊದ್ದುಕೊಳ್ಳತೊಡಗಿದರು. ಅದರ ಒಳಗೆ ಸ್ವೆಟರ್ ಬಂತು. ವಯಸ್ಸಾಯಿತು ಎಂದುಕೊಂಡಳು ಅವಳು. ನಮ್ಮ ಮನೆಯಲ್ಲಿ ಈಗ ಜಗಳವೇ ಇಲ್ಲ ಎಂದು ಆಫೀಸಿನಲ್ಲಿ ಹೇಳಿಕೊಂಡಳು.

ಆ ಭಾನುವಾರ ಸ್ಲೈಡ್ ಸಾರ್ ಕರೆತಂದದ್ದು ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲೊಂದರ ವಾರ್ಡನ್ನರನ್ನು. ಅವರು ಒಪ್ಪಿದರೆ ಆ ಇಡೀ ಹಾಸ್ಟೆಲಿಗೆ ಇದೇ ತಂತ್ರಾಂಶ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕೂತ ಕೂಡಲೇ ಚಾವಣಿಯ ಮೂಲೆಗಳನ್ನು, ಜೇಡರ ಬಲೆ ಹುಡುಕುವವರ ಹಾಗೆ, ಒಂದೊಂದಾಗಿ ನೋಡಿದರು.

ಮನೆ ಚೆನ್ನಾಗಿಯೇ ನಡೆದುಕೊಂಡಿತು. ಮೋಡ ಕವಿದಾಗ ಪರದೆ ತಾನಾಗಿ ಸರಿಯಿತು. ಮಗಳು ತನ್ನ ಕೋಣೆಗೆ ಹೋದರೆ ಓದುವ ದೀಪ ಹತ್ತಿತು, ಮಲಗಿದರೆ ಮಂಕಾಯಿತು.

"ನೋಡಿ ಮೇಡಂ, ಈ ಮನೆಗೊಂದು ಮನಸ್ಸಿದೆ" ಎಂದರು ಸ್ಲೈಡ್ ಸಾರ್.

"ಮನಸ್ಸಿರೋ ಹುಡುಗಿಯರನ್ನ ಸಂಭಾಳಿಸೋದೇ ನನಗೆ ಸಾಕಾಗಿದೆ. ಕಟ್ಟಡಕ್ಕೂ ಮನಸ್ಸು ಬಂದ್ರೆ ನಾನು ಕೆಲಸ ಬಿಡಬೇಕಷ್ಟೆ" ಎಂದರು ವಾರ್ಡನ್. ಆಮೇಲೆ ಅವಳ ಕಡೆ ತಿರುಗಿದರು. "ನಂದೊಂದು ಪ್ರಶ್ನೆ. ನಮ್ಮಲ್ಲಿ ಜೋರು ಬಾಯಿಯವರೂ ಇದ್ದಾರೆ, ಬಾಯೇ ಬಿಡದವರೂ ಇದ್ದಾರೆ. ಇಬ್ಬರನ್ನೂ ಒಂದೇ ಕೋಣೆಗೆ ಹಾಕಬೇಕಾಗುತ್ತೆ. ನಿಮ್ಮ ಮನಸ್ಸಿರೋ ಕಟ್ಟಡ ಯಾರ ಮಾತು ಕೇಳುತ್ತೆ?"

"ಅದಕ್ಕೇ ಇರೋದು ನಮ್ಮ ಪಂಚಾಯ್ತಿ ಮೇಡಂ" ಎಂದು ಸ್ಲೈಡ್ ಸಾರ್ ನಕ್ಕರು.

ಅವಳು ತೂಕದ ಲೆಕ್ಕವನ್ನು ವಿವರಿಸಲು ಶುರುಮಾಡಿದಳು. ಅಷ್ಟರಲ್ಲಿ ದೊಡ್ಡಮ್ಮ ಟೀ ತಂದರು. ಬಂದವರಿಗೆ ಸಕ್ಕರೆ ಕೇಳಿ ಹಾಕಿದರು. ಮನೆಯವರಿಗೆ ಅವರವರ ಲೋಟ ಕೊಟ್ಟು, ಖಾಲಿ ತಟ್ಟೆ ಹಿಡಿದು ಒಳಗೆ ಹೊರಟರು. ಹಾಲಿನಿಂದ ಅಡುಗೆಮನೆಗೂ ಬಚ್ಚಲಿಗೂ ಹೋಗುವ ದಾರಿ ಕಿಟಕಿಯಿಲ್ಲದ ಒಂದು ಓಣಿ. ಅದರ ಬಾಯಿಯಲ್ಲೇ ಗಂಡನ ಕುರ್ಚಿ. ಮೊದಲು ಕಿಟಕಿಯ ಬಳಿ ಇದ್ದ ಅದನ್ನು ಅವನು ಯಾವಾಗಲೋ ಇಲ್ಲಿಗೆ ಎಳೆದುಕೊಂಡಿದ್ದ. ಅವನು ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. ಎಡಗಾಲನ್ನು ಮಾತ್ರ ಓಣಿಯೊಳಗೆ ಚಾಚಿದ. ದೀಪ ಹತ್ತಿತು. ದೊಡ್ಡಮ್ಮ ಆ ಕಾಲನ್ನು ದಾಟಿಕೊಂಡು ಹೋದರು. ಅವನು ಪುಟ ತಿರುವಿದ.

ವಾರ್ಡನ್ ಟೀ ಲೋಟ ಕೆಳಗಿಟ್ಟರು.

"ಸ್ವಾಮೀ, ಆ ಕಾಲು ಯಾಕೆ?"

"ಯಾವ ಕಾಲು?" ಗಂಡ ತಬ್ಬಿಬ್ಬಾಗಿ ತನ್ನೆರಡೂ ಕಾಲು ನೋಡಿಕೊಂಡ. "ಓ, ಇದಾ. ಏನಿಲ್ಲ. ಹಾಗೇ, ಅಭ್ಯಾಸ."

"ಅಪ್ಪ ಕಾಲು ಹಾಕದಿದ್ರೆ ಅಜ್ಜಿಗೆ ದೀಪ ಬರಲ್ಲ ಆಂಟಿ" ಎಂದಳು ಮಗಳು. ಹೊರಗೆ ಬಿಸಿಲಿದೆ ಎನ್ನುವ ದನಿಯಲ್ಲಿ.

ವಾರ್ಡನ್ ಎದ್ದು ಓಣಿಯ ಬಳಿ ಬಂದು, "ಅಮ್ಮಾ, ತೊಂದ್ರೆ ಇಲ್ಲಾಂದ್ರೆ ಇನ್ನೊಂದು ಸಲ ಇಲ್ಲಿಂದ ಅಲ್ಲಿಗೆ ನಡೀತೀರಾ? ಒಬ್ಬರೇ" ಎಂದರು.

ಒಳಗಿನಿಂದ ಬಂದ ದೊಡ್ಡಮ್ಮ ಒಮ್ಮೆ ಅವಳ ಮುಖ ನೋಡಿದರು. ಆಮೇಲೆ ನಡೆದರು. ದೀಪ ಹತ್ತಲಿಲ್ಲ. ಅವರು ತಡವರಿಸಲೂ ಇಲ್ಲ, ಚಾವಣಿಯ ಕಡೆ ನೋಡಲೂ ಇಲ್ಲ; ಬಲಗೈಯನ್ನು ಗೋಡೆಗೆ ತಾಗಿಸಿಕೊಂಡು ಮಾಮೂಲಿ ವೇಗದಲ್ಲಿ ಕತ್ತಲೊಳಗೆ ಹೋದರು. ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಅಲ್ಲೂ ಕತ್ತಲೆ.

"ಇಷ್ಟು ಸಾಕಾ?" ಎಂದು ಒಳಗಿನಿಂದ ಕೇಳಿದರು.

ಸ್ಲೈಡ್ ಸಾರ್ ಅವಳನ್ನು ನೋಡುತ್ತಿದ್ದರು. ವಾರ್ಡನ್ ಕೂಡ.

"ಇವರು ನಿಮಗೆ ಏನಾಗಬೇಕು?"

ಅವಳ ಬಾಯಿಂದ ಉತ್ತರ ಬಂದೇಬಿಟ್ಟಿತು. ಬರುವ ಮುಂಚೆ ಅದನ್ನು ಅವಳು ನೋಡಿರಲಿಲ್ಲ.

"ನೆಂಟರು. ನಾಲ್ಕು ದಿನ ಇದ್ದು ಹೋಗೋಕೆ ಬಂದಿದ್ದಾರೆ. ಮನೆಗಿನ್ನೂ ಅವರ ಪರಿಚಯ ಆಗಿಲ್ಲ."

ಮಗಳು ಬಾಯಿ ತೆರೆದಳು. ಗಂಡ ಮಗಳ ಮಂಡಿಯ ಮೇಲೆ ಕೈಯಿಟ್ಟ. ಕತ್ತಲಿನಿಂದ ಹೊರಗೆ ಬಂದ ದೊಡ್ಡಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ವಾರ್ಡನ್ನರಿಗೆ ಹೇಳಿದರು:

"ಹೌದಮ್ಮ. ನಾಳೆ ನಾಡಿದ್ದರಲ್ಲಿ ಹೊರಟುಬಿಡ್ತೀನಿ."

ಆ ದನಿಯಲ್ಲಿ ಕೊಂಕಿರಲಿಲ್ಲ. ಚಿಕ್ಕಂದಿನಲ್ಲಿ ಅವಳು ಲೆಕ್ಕದ ಪುಸ್ತಕ ಕಳೆದುಕೊಂಡು ಬಂದಾಗ, ನಾನೇ ಎಲ್ಲೋ ಇಟ್ಟು ಮರೆತೆ ಎಂದು ಮೇಷ್ಟರಿಗೆ ಹೇಳಿದ್ದರಲ್ಲ, ಅದೇ ದನಿ. ಅವಳು ಟೀ ಲೋಟದ ಒಳಗೆ ನೋಡುತ್ತ ನಿಂತಳು. ಕತ್ತಿನಿಂದ ಕಿವಿಯವರೆಗೆ ಬಿಸಿ ಏರಿತು. ಅದನ್ನು ಪತ್ತೆಹಚ್ಚಿದ ಮನೆ ಎ.ಸಿ.ಯನ್ನು ಇನ್ನೊಂದು ಡಿಗ್ರಿ ತಂಪು ಮಾಡಿತು.

ವಾರ್ಡನ್ ಓಣಿಯ ಗೋಡೆಯನ್ನು ನೋಡುತ್ತಿದ್ದರು. ಬಿಳಿ ಬಣ್ಣದ ಮೇಲೆ, ಕುಳ್ಳಗಿನವರ ಕೈಯೆತ್ತರಕ್ಕೆ, ಈ ತುದಿಯಿಂದ ಆ ತುದಿಯವರೆಗೆ ಮಾಸಲು ಗೆರೆಯೊಂದಿತ್ತು.

"ಟೀ ಚೆನ್ನಾಗಿತ್ತಮ್ಮ" ಎಂದು ದೊಡ್ಡಮ್ಮನಿಗೆ ಮಾತ್ರ ಹೇಳಿ ಅವರು ಚಪ್ಪಲಿ ಮೆಟ್ಟಿಕೊಂಡರು.

ಅವರು ಹೋದ ಮೇಲೆ ದೊಡ್ಡಮ್ಮ ಲೋಟ ತೊಳೆಯಲು ಹೋದರು. ಗಂಡನೇ ಎದ್ದು ಹೋಗಿ ಓಣಿಯಲ್ಲಿ ನಿಂತ. ಅವಳು ಅವನ ಎದುರು ಬಂದಳು.

"ರೀ, ಯಾವಾಗಿನಿಂದ?"

"ಕುರ್ಚಿ ಇಲ್ಲಿಗೆ ತಂದೆನಲ್ಲ, ಅವಾಗಿಂದ."

"ನನಗ್ಯಾಕೆ ಹೇಳಲಿಲ್ಲ?"

"ಅವರೇ ಬೇಡ ಅಂದ್ರು. ನಿನ್ನ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತೆ ಅಂತ." ಅವನು ಸ್ವಲ್ಪ ತಡೆದ. "ಅಲ್ಲದೆ, ಕಾಲು ಚಾಚೋದು ಸುಲಭ ಇತ್ತು. ಸುಳ್ಳು ಯಾಕೆ ಹೇಳಲಿ?"

"ನೀವು ಅಂಗಡಿಗೆ ಹೋದಾಗ?"

"ಆಗ ಮನೇಲಿ ಯಾರೂ ಇರಲ್ವಲ್ಲ" ಎಂದುಬಿಟ್ಟ. ತಾನು ಆಡಿದ್ದು ತನಗೇ ಕೇಳಿಸಿದ ಮೇಲೆ ಅವನು ತಲೆ ತಗ್ಗಿಸಿದ. ಅಡುಗೆಮನೆಯಲ್ಲಿ ನಲ್ಲಿ ನಿಂತಿತ್ತು.

ಅವಳು ಲ್ಯಾಪ್‌ಟಾಪ್ ತೆರೆದು ಕೂತಳು. ಮನೆಯಲ್ಲಿ ನಡೆದಾಡುವವರ ತೂಕಗಳನ್ನು ನೋಡಿದಳು. ದೊಡ್ಡಮ್ಮನದು ಸೊನ್ನೆಗೆ ಅಂಟಿಕೊಂಡಿತ್ತು. ಇಳಿದ ದಾರಿಯೂ ಸ್ಪಷ್ಟವಾಗಿತ್ತು. ದೊಡ್ಡಮ್ಮ ಹಾಲಿಗೆ ನಡೆದು ಹೋಗಿ ಪ್ಯಾನೆಲ್ ಒತ್ತಿ ಮನೆಯನ್ನು ಬೆಚ್ಚಗೆ ಮಾಡುತ್ತಾರೆ; ಯಾರೋ ಕೂತಲ್ಲಿಂದಲೇ ಫೋನಿನಲ್ಲಿ ಅದನ್ನು ತಂಪಿಗೆ ತಿರುಗಿಸುತ್ತಾರೆ; ದೊಡ್ಡಮ್ಮ ಎರಡನೆಯ ಸಲ ಒತ್ತುವುದಿಲ್ಲ. ಆ ಫೋನು ಯಾರದೆಂದು ನೋಡುವ ಅಗತ್ಯ ಅವಳಿಗಿರಲಿಲ್ಲ. ಕೆಲಸದ ನಡುವೆ, ಥೂ ಸೆಖೆ ಎಂದುಕೊಂಡು, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಹೆಬ್ಬೆರಳು ಆಡಿಸಿದ್ದು ಅವಳಿಗೇ ನೆನಪಿತ್ತು.

ಆದರೂ ಅವಳು ಒಂದು ದೋಷಕ್ಕಾಗಿ ಹುಡುಕುತ್ತಲೇ ಇದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ. ಎಲ್ಲೋ ಒಂದು ಕೂಡುವ ಚಿಹ್ನೆಯ ಬದಲು ಕಳೆಯುವ ಚಿಹ್ನೆ ಬಿದ್ದಿರಬಹುದು, ಒಂದು ಸೆನ್ಸರ್ ಕೆಟ್ಟಿರಬಹುದು. ಎಲ್ಲವೂ ಸರಿಯಾಗಿತ್ತು. ತಂತ್ರಾಂಶ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತ್ತು. ಅದು ಈ ಮನೆಯನ್ನು ನೋಡಿ ಕಲಿತಿತ್ತು, ಅಷ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಗೂ ಒಂದು ಸಿಕ್ಕಿತು. ಮನೆಯವರೆಂದು ಮೊದಲ ದಿನವೇ ಸೇರಿಸಿದವರ ತೂಕ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದ ಹಾಗೆ ಅವಳೇ ತಡೆ ಇಟ್ಟಿದ್ದಳು. ಹೊರಗಿನವರಿಗೆ ಆ ತಡೆ ಇಲ್ಲ. ದೊಡ್ಡಮ್ಮ ಮನೆಯವರ ಗುಂಪಿನಲ್ಲಿ ಇರಲೇ ಇಲ್ಲ. ಮನೆಯವರನ್ನು ಸೇರಿಸುವುದು ಸೆನ್ಸರ್ ಕೂರಿಸಲು ಬಂದವನ ಕೆಲಸ. ಏಣಿ ಅಣ್ಣ ಅವರನ್ನು ಬಿಟ್ಟುಬಿಟ್ಟಿದ್ದ. ಅವಳಿಗೆ ಎಷ್ಟು ಹಗುರವಾಯಿತೆಂದರೆ ಎದ್ದು ಒಂದು ಲೋಟ ನೀರನ್ನು ಗಟಗಟ ಕುಡಿದಳು.

ಕೂಡಲೇ ದೊಡ್ಡಮ್ಮನನ್ನು ಸೇರಿಸಿದಳು. ಸೇರಿಸಿ, ಎಲ್ಲರಿಗಿಂತ ಹೆಚ್ಚಿನ ತೂಕ ಕೊಟ್ಟಳು. ಆ ಸಂಜೆ ದೊಡ್ಡಮ್ಮ ಕಾಲಿಟ್ಟಲ್ಲೆಲ್ಲ ದೀಪಗಳು ಝಗ್ಗೆಂದವು. ಎ.ಸಿ. ನಿಂತು ಮನೆ ಕಾದ ಹೆಂಚಾಯಿತು. ಗಂಡ ಬನಿಯನ್ ಎತ್ತಿ ಗಾಳಿ ಹಾಕಿಕೊಂಡ. ಮಗಳು ಭೂಗೋಳದ ಪುಸ್ತಕ ಬೀಸಿಕೊಳ್ಳುತ್ತ ಸುಮ್ಮನೆ ಕೂತಳು. ಯಾರೂ ಗುಂಡಿ ಒತ್ತಲಿಲ್ಲ.

"ಇದೇನೇ ಇದು, ಕಳ್ಳರು ಬಂದ ಹಾಗೆ ಲೈಟು?" ಎಂದು ದೊಡ್ಡಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದರು. ಆಮೇಲೆ ಎಲ್ಲರನ್ನೂ ಒಂದು ಸುತ್ತು ನೋಡಿದರು. "ನನ್ನೊಬ್ಬಳಿಗಾಗಿ ನೀವೆಲ್ಲ ಬೇಯೋದು ಬೇಡಪ್ಪ. ಹೇಗಿತ್ತೋ ಹಾಗೇ ಮಾಡು. ನಾನು ಬುಧವಾರ ಹೋಗ್ತೀನಿ."

ಸೋಮವಾರ ಆಫೀಸಿಗೆ ಹೋದವಳು ಮೊದಲು ಹುಡುಕಿದ್ದು ಏಣಿ ಅಣ್ಣನನ್ನು. ಅವನು ಮೆಟ್ಟಿಲ ಬಳಿ ತಂತಿ ಸುತ್ತುತ್ತಿದ್ದ. ಸುತ್ತಮುತ್ತ ಜನರಿದ್ದರು. ಅವಳು ದನಿ ಏರಿಸಿಯೇ ಮಾತಾಡಿದಳು.

"ಮನೇಲಿರೋ ಒಬ್ಬ ಮನುಷ್ಯರನ್ನ ಸೇರಿಸೋದು ಮರೆತುಬಿಡೋದಾ? ಕಣ್ಣಿಗೆ ಕಾಣಲಿಲ್ವಾ ಅವರು?"

ಏಣಿ ಅಣ್ಣ ತಂತಿಯ ಸುರುಳಿ ಕೆಳಗಿಟ್ಟ. ಏನೋ ಹೇಳಲು ಬಾಯಿ ತೆರೆದವನು, ಸುತ್ತ ನಿಂತವರನ್ನು ನೋಡಿ ಮುಚ್ಚಿಕೊಂಡ.

"ಆಯ್ತು ಮೇಡಂ. ನನ್ನಿಂದಲೇ ತಪ್ಪಾಗಿರಬೇಕು" ಎಂದ.

ಅವಳು ವಾರ್ಡನ್ನರಿಗೂ ಫೋನ್ ಮಾಡಿದಳು. ಅದು ಕಷ್ಟದ ಕರೆ. ಎರಡು ಸಲ ಅಂಕಿ ಒತ್ತಿ ಅಳಿಸಿದ್ದಳು.

"ನಿನ್ನೆ ನಾನು ಹೇಳಿದ್ದು ಸುಳ್ಳು. ಅವರು ನೆಂಟರಲ್ಲ. ನನ್ನನ್ನ ಸಾಕಿದ ದೊಡ್ಡಮ್ಮ."

"ಗೊತ್ತಾಯ್ತು ಬಿಡಿ. ನಿಮ್ಮನೆಯವರಿಗೆ ಯಾರಿಗೆ ಯಾವ ಲೋಟ ಅಂತ ಅವರು ಕೇಳಲೇ ಇಲ್ಲ." ಆ ಕಡೆ ಯಾವುದೋ ಹುಡುಗಿಗೆ ಬೀಗದ ಕೈ ಕೊಟ್ಟು ಕಳಿಸಿದ ಸದ್ದು. "ನನ್ನ ಹಾಸ್ಟೆಲಲ್ಲಿ ಅಂಥವರು ಇಪ್ಪತ್ತು ಜನ ಇದ್ದಾರೆ. ಕೇಳಿದ್ರೆ ಎಲ್ಲ ಚೆನ್ನಾಗಿದೆ ಅಂತಾರೆ. ಅವರ ಕೋಣೆಗೆ ನಾನೇ ಹೋಗಿ ನೋಡಬೇಕು. ನಿಮ್ಮ ಯಂತ್ರಕ್ಕೆ ಹೋಗಿ ನೋಡೋದು ಬಂದ ಮೇಲೆ ಹೇಳಿ, ಆಗ ಮಾತಾಡೋಣ."

ಸ್ಲೈಡ್ ಸಾರ್ ಒಂದು ಸ್ಲೈಡ್ ತೆಗೆದುಹಾಕಿದರು. ಅವಳು ಲೆಕ್ಕದ ಮೊದಲ ಸಾಲನ್ನು ಅಳಿಸಿದಳು. ಗುಂಡಿ ಒತ್ತದಿದ್ದರೆ ತೃಪ್ತಿ ಎಂದಲ್ಲ, ಗೊತ್ತಿಲ್ಲ ಎಂದು ಬರೆದಳು. ಗೊತ್ತಿಲ್ಲ ಎಂದ ಮೇಲೆ ಮನೆ ಆಗಾಗ ಕೇಳಬೇಕಾಗುತ್ತದೆ. ಹೇಗೆ ಕೇಳಬೇಕು, ಇಲ್ಲ ಎಂದರೂ ಮತ್ತೆ ಯಾವಾಗ ಕೇಳಬೇಕು ಎಂಬುದು ಹೊಸ ಕೆಲಸ. ಹಳೆಯ ಲೆಕ್ಕಕ್ಕಿಂತ ಅದು ಬಹಳ ಕಷ್ಟದ್ದಾಗಿತ್ತು.

ಬುಧವಾರ ಅವಳು ರಜೆ ಹಾಕಿ ದೊಡ್ಡಮ್ಮನ ಬ್ಯಾಗು ಹಿಡಿದು ಹೊರಟಳು. ಬಸ್ಸಿನಲ್ಲಿ ದೊಡ್ಡಮ್ಮ, ಅವಳ ಕಾಲರ್ ಮಡಿಸಿಕೊಂಡಿದ್ದನ್ನು ಎಳೆದು ಸರಿಮಾಡಿದರು.

ಇಸ್ತ್ರಿ ಅಕ್ಕನ ಮನೆ ಒಂದು ಬೇಕರಿಯ ಹಿಂಭಾಗದಲ್ಲಿತ್ತು. ದೊಡ್ಡಮ್ಮನಿಗಾಗಿ ಖಾಲಿ ಮಾಡಿಟ್ಟಿದ್ದ ಕೋಣೆಯ ಒಂದು ಗೋಡೆಯ ಆಚೆಗೇ ಬ್ರೆಡ್ಡು ಸುಡುವ ಒಲೆ. ಗೋಡೆ ಮುಟ್ಟಿದರೆ ಬೆಚ್ಚಗಿತ್ತು. ದೊಡ್ಡಮ್ಮ ಒಳಗೆ ಬಂದವರೇ ಶಾಲು ತೆಗೆದರು, ಆಮೇಲೆ ಸ್ವೆಟರ್ ತೆಗೆದು ಮಡಿಸಿ ಇಟ್ಟರು. ಆ ತೆಳ್ಳನೆಯ ತೋಳುಗಳನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತೋ.

ಇಸ್ತ್ರಿ ಅಕ್ಕ ಲಾಂಡ್ರಿಯ ಕಾಲದಿಂದಲೂ ನಾಲಿಗೆ ಸಡಿಲ.

"ಬಾಮ್ಮ ಲೆಕ್ಕದ ರಾಣಿ. ನಿಮ್ಮದು ಭಾರಿ ಬುದ್ಧಿವಂತ ಮನೆಯಂತೆ? ನಮ್ಮದು ದಡ್ಡ ಮನೆ ಕಣಮ್ಮ. ಸ್ವಿಚ್ ಹಾಕಿದ್ರೆ ಹತ್ತುತ್ತೆ, ತೆಗೆದ್ರೆ ಆರುತ್ತೆ. ಯಾರು ಹಾಕಿದ್ರು ಅಂತ ಕೇಳೋಕೂ ಅದಕ್ಕೆ ಬರಲ್ಲ."

"ಸುಮ್ನಿರೇ" ಎಂದರು ದೊಡ್ಡಮ್ಮ. "ನೀರು ಕೊಡು ಹುಡುಗಿಗೆ."

ಇಸ್ತ್ರಿ ಅಕ್ಕ ಆಚೆ ಹೋದ ಮೇಲೆ ಅವಳು ಮಂಚದ ಅಂಚಿನಲ್ಲಿ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ತೆಗೆದಳು.

"ದೊಡ್ಡಮ್ಮ, ಆವತ್ತು ನೆಂಟರು ಅಂದೆನಲ್ಲ, ಅದಕ್ಕೆ ನನ್ನ ಹತ್ರ ಸಮಜಾಯಿಷಿ ಇಲ್ಲ. ಅದು ನನ್ನ ತಪ್ಪು. ಎ.ಸಿ. ವಿಷಯ, ಅದೂ ನನ್ನದೇ. ಆದ್ರೆ ದೀಪದ್ದು ನಾವು ಬೇಕಂತ ಮಾಡಿದ್ದಲ್ಲ. ಮೊದಲ ದಿನವೇ ಒಂದು ತಪ್ಪಾಗಿದೆ. ಏಣಿ ತಂದಿದ್ದನಲ್ಲ, ಅವನು ನಿನ್ನನ್ನ ಮನೆಯವರ ಜೊತೆ ಸೇರಿಸೋದನ್ನೇ ಬಿಟ್ಟುಬಿಟ್ಟಿದ್ದಾನೆ. ಸೇರಿಸಿದ್ರೆ ಹೀಗಾಗ್ತಾನೇ ಇರಲಿಲ್ಲ. ಅವನಿಗೆ ಚೆನ್ನಾಗಿ ಬೈದಿದ್ದೀನಿ. ಈಗ ಸರಿಮಾಡಿದ್ದೀನಿ. ವಾಪಸ್ ಬಾ."

ದೊಡ್ಡಮ್ಮ ಸ್ವೆಟರಿನ ಮಡಿಕೆಯನ್ನು ಅಂಗೈಯಿಂದ ಒತ್ತಿ ಒತ್ತಿ ನುಣುಪು ಮಾಡುತ್ತಿದ್ದರು. ಕೈ ನಿಂತಿತು.

"ಅವನಿಗ್ಯಾಕೆ ಬೈದೆ?"

"ತಪ್ಪು ಅವನದಲ್ವಾ?"

"ಅಯ್ಯೋ, ಪಾಪ. ಅವನು ಏನಂದ?"

"ನನ್ನಿಂದಲೇ ತಪ್ಪಾಗಿರಬೇಕು ಅಂದ."

ಗೋಡೆಯಾಚೆ ಯಾರೋ ತಗಡಿನ ತಟ್ಟೆಗಳನ್ನು ಒಲೆಯಿಂದ ಎಳೆದು ಹಾಕಿದರು.

"ಇದನ್ನ ನಿನಗೆ ಹೇಳೋದು ಬೇಡ ಅಂತಿದ್ದೆ. ಆದ್ರೆ ಅವನ ತಲೆ ಮೇಲೆ ಹಾಕಬೇಡ. ನಾಳೆ ಹೋಗಿ ಅವನ ಹತ್ರ ಮಾತಾಡು" ಎಂದರು ದೊಡ್ಡಮ್ಮ. "ಆವತ್ತು ಅವನು ಏಣಿ ಹತ್ತಿದ್ದ. ನೆಲ ನುಣುಪು, ಜಾರುತ್ತೆ ಅಂತ ಕೆಳಗೆ ಏಣಿ ಹಿಡ್ಕೊಂಡು ನಿಂತಿದ್ದವಳು ನಾನೇ. ಅವನು ಮೇಲಿಂದ ಕೇಳಿದ, ಮೇಡಂ, ಮನೇಲಿ ಎಷ್ಟು ಜನ ಇರೋದು ಅಂತ. ನೀನು ಯಾರ ಹತ್ರಾನೋ ಫೋನಲ್ಲಿದ್ದೆ, ಅಲ್ಲಿಂದಲೇ ಹೇಳಿದೆ. ಅವನು ಬಗ್ಗಿ ನನ್ನ ಮುಖ ನೋಡಿದ. ಸರಿಯಾಗಿ ಕೇಳಿಸಲಿಲ್ಲ ಮೇಡಂ, ಇನ್ನೊಂದ್ಸಲ ಹೇಳಿ ಅಂದ. ಕೇಳಿಸಿತ್ತು ಅವನಿಗೆ. ನಿನಗೆ ಇನ್ನೊಂದು ಅವಕಾಶ ಕೊಟ್ಟ, ಅಷ್ಟೆ. ನೀನು ಫೋನಿಗೆ ಕೈ ಅಡ್ಡ ಹಿಡಿದು, ಈ ಕಡೆ ತಿರುಗಿ, ನನ್ನನ್ನ ನೋಡ್ಕೊಂಡೇ ಜೋರಾಗಿ ಹೇಳಿದೆ."

ಏನು ಹೇಳಿದ್ದೆ ಎಂದು ಅವಳು ಕೇಳಲಿಲ್ಲ. ಆ ದಿನದ ಹಾಲ್, ಏಣಿ, ಅದರ ಬುಡದಲ್ಲಿದ್ದ ಎರಡು ಕೈಗಳು ಈಗ ಕಣ್ಣೆದುರೇ ಇದ್ದವು. ತನ್ನ ದನಿಯೂ ಕೇಳಿಸಿತು, ಆತುರದಲ್ಲಿ, ಯಾವ ಅನುಮಾನವೂ ಇಲ್ಲದೆ:

"ಮೂರು."